ಹಸಿರು ತೋಟಕ್ಕೂ ಸಾಕ್ಷಿ ಬೇಕು: ಯುರೋಪಿನ ಅರಣ್ಯನಾಶ ನಿಯಮ ಮತ್ತು ನಮ್ಮ ಕಾಫಿ ವ್ಯಾಪಾರ

ಯುರೋಪಿಯನ್ ಒಕ್ಕೂಟವು ತನ್ನ ಅರಣ್ಯನಾಶ ತಡೆ ನಿಯಮದ ಜಾರಿಯನ್ನು 2025ರ ಡಿಸೆಂಬರ್‌ನಲ್ಲಿ ಎರಡನೆಯ ಬಾರಿಗೆ ಮುಂದೂಡಿತು. ಸುದ್ದಿ ಹೊರಬಿದ್ದ ಮೇಲೆ ಕಾಫಿ ವಲಯದಲ್ಲಿ ಸ್ಪಷ್ಟತೆಗಿಂತ ಗೊಂದಲವೇ ಹೆಚ್ಚಿತು. ಎರಡು ಸಲ ಮುಂದಕ್ಕೆ ಹೋದದ್ದು ಮೂರನೆಯ ಸಲವೂ ಹೋಗುತ್ತದೆ ಎಂದು ಕೆಲವರು ನಂಬಿದ್ದಾರೆ. ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿರುವುದರಿಂದ ನಿಯಮವೇ ನಮಗೆ ಅನ್ವಯಿಸದು ಎಂಬ ಮಾತೂ ಇದೆ. ಇನ್ನು, ನಮ್ಮ ಕಾಫಿ ಬೆಳೆಯುವುದೇ ಮರದ ನೆರಳಿನಲ್ಲಿ, ಕಾಡು ಕಡಿದವರಿಗಾಗಿ ಮಾಡಿದ ಕಾನೂನಿಗೆ ನಾವೇಕೆ ತಲೆ ಕೆಡಿಸಿಕೊಳ್ಳಬೇಕು ಎಂಬುದು ಮಲೆನಾಡಿನ ಸಹಜ ಪ್ರಶ್ನೆ. ಈ ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ, ಆದರೆ ಅದನ್ನೇ ನಂಬಿ ಕೂತ ವ್ಯಾಪಾರಿಗೆ ಮಾರುಕಟ್ಟೆ ಕೈತಪ್ಪುತ್ತದೆ.

ನಮ್ಮ ಉದ್ದಿಮೆಗಳು ಪರಿಸರಸ್ನೇಹಿ ಕ್ರಮಗಳನ್ನು ಬಹುಕಾಲ ಸಮಾರಂಭದ ಸಂಗತಿಯಾಗಿ ನೋಡಿವೆ. ಜೂನ್ 5ರಂದು ಗಿಡ ನೆಟ್ಟು ಫೋಟೊ ತೆಗೆಸಿಕೊಂಡರೆ ವರ್ಷದ ಲೆಕ್ಕ ಮುಗಿಯುತ್ತಿತ್ತು. ಯುರೋಪಿನ ನಿಯಮವು ಅದೇ ವಿಷಯವನ್ನು ತೂಕದ ಚೀಟಿ, ಬಿಲ್ಲು, ಪಹಣಿಗಳ ಸಾಲಿಗೆ ತಂದು ನಿಲ್ಲಿಸಿದೆ. ಅದರ ಹೊರೆ ಯಾರ ಮೇಲೆ ಎಷ್ಟು ಬೀಳುತ್ತದೆ ಎಂಬುದನ್ನು ತಿಳಿಯಲು ನಿಯಮದ ಒಳಗೆ ಸ್ವಲ್ಪ ಇಳಿದು ನೋಡಬೇಕು.

ನಿಯಮ ಕೇಳುವುದೇನು

2023ರ ಜೂನ್‌ನಲ್ಲಿ ಅಸ್ತಿತ್ವಕ್ಕೆ ಬಂದ ಈ ನಿಯಮವು ದನ, ಕೋಕೊ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ ಮತ್ತು ಮರ ಎಂಬ ಏಳು ಸರಕುಗಳಿಗೆ ಹಾಗೂ ಅವುಗಳಿಂದ ತಯಾರಾದ ಹಲವು ವಸ್ತುಗಳಿಗೆ ಅನ್ವಯಿಸುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜಿನಂತೆ 1990ರಿಂದ 2020ರವರೆಗೆ ಜಗತ್ತು 42 ಕೋಟಿ ಹೆಕ್ಟೇರ್ ಕಾಡು ಕಳೆದುಕೊಂಡಿದೆ. ಆ ನಾಶದಲ್ಲಿ ತನ್ನ ಜನರ ಊಟ, ಕಾಫಿ, ಪೀಠೋಪಕರಣಗಳ ಪಾಲೂ ಇದೆ ಎಂದು ಒಪ್ಪಿಕೊಂಡೇ ಯುರೋಪ್ ಈ ಕಾನೂನು ಮಾಡಿತು.

ಷರತ್ತುಗಳು ಮೂರು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಆ ಸರಕು ಬೆಳೆದಿರಬಾರದು. ಬೆಳೆದ ದೇಶದ ಕಾನೂನುಗಳನ್ನು ಪಾಲಿಸಿಯೇ ಅದನ್ನು ಬೆಳೆದಿರಬೇಕು. ಇವೆರಡನ್ನೂ ಪರಿಶೀಲಿಸಿದ್ದೇನೆ ಎಂಬ ಘೋಷಣೆಯನ್ನು, ಬೆಳೆದ ತೋಟದ ಅಕ್ಷಾಂಶ ರೇಖಾಂಶಗಳ ಸಮೇತ, ಯುರೋಪಿನ ಮಾರುಕಟ್ಟೆಗೆ ಸರಕನ್ನು ಮೊದಲು ಇಳಿಸುವವನು ಅಲ್ಲಿನ ಆನ್‌ಲೈನ್ ವ್ಯವಸ್ಥೆಯಲ್ಲಿ ಸಲ್ಲಿಸಬೇಕು. 4 ಹೆಕ್ಟೇರ್‌ಗಿಂತ, ಅಂದರೆ ಸುಮಾರು 10 ಎಕರೆಗಿಂತ ಚಿಕ್ಕ ತೋಟಕ್ಕೆ ಒಂದು ಬಿಂದು ಗುರುತಿಸಿದರೆ ಸಾಕು. ಅದಕ್ಕಿಂತ ದೊಡ್ಡದಕ್ಕೆ ಸುತ್ತಳತೆಯ ಗಡಿರೇಖೆಯನ್ನೇ ಕೊಡಬೇಕು. ದಾಖಲೆಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ತಪ್ಪಿದ ಕಂಪನಿಗೆ ವಿಧಿಸಬಹುದಾದ ಗರಿಷ್ಠ ದಂಡವು ಅದರ ಯುರೋಪಿನ ವಾರ್ಷಿಕ ವಹಿವಾಟಿನ ಕನಿಷ್ಠ ಶೇ 4ರಷ್ಟಾದರೂ ಇರಬೇಕು ಎಂದು ನಿಯಮವೇ ಹೇಳುತ್ತದೆ.

ಮೊದಲು ಗೊತ್ತುಪಡಿಸಿದ್ದ ದಿನಾಂಕ 2024ರ ಡಿಸೆಂಬರ್ 30. ಅದು ಒಂದು ವರ್ಷ ಮುಂದೆ ಹೋಯಿತು, ನಂತರ ಮತ್ತೊಂದು ವರ್ಷ. ಈಗಿನ ತಿದ್ದುಪಡಿಯ ಪ್ರಕಾರ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣ ಮತ್ತು ಅತಿಸಣ್ಣ ಸಂಸ್ಥೆಗಳಿಗೆ 2027ರ ಜೂನ್ 30. ನಿಯಮವನ್ನು ಸರಳಗೊಳಿಸುವ ಬಗ್ಗೆ 2026ರ ಏಪ್ರಿಲ್ 30ರೊಳಗೆ ಮರುಪರಿಶೀಲನೆ ನಡೆಯಬೇಕೆಂದೂ ಅದೇ ತಿದ್ದುಪಡಿ ಹೇಳಿತು. ಗಮನಿಸಬೇಕಾದ ಸಂಗತಿಯೆಂದರೆ, ಜಾರಿಯ ದಿನ ಎರಡು ಸಲ ಬದಲಾದರೂ 2020ರ ಡಿಸೆಂಬರ್ 31 ಎಂಬ ಗಡುವು ಒಮ್ಮೆಯೂ ಬದಲಾಗಲಿಲ್ಲ. 2022ರಲ್ಲಿ ಕಾಡಂಚು ಸವರಿ ಕಾಫಿ ನೆಟ್ಟವನಿಗೆ ಎಷ್ಟು ಮುಂದೂಡಿಕೆಗಳಾದರೂ ಪ್ರಯೋಜನವಿಲ್ಲ.

ಕಡಿಮೆ ಅಪಾಯವೆಂದರೆ ವಿನಾಯಿತಿಯಲ್ಲ

2025ರ ಮೇ ತಿಂಗಳಲ್ಲಿ ಯುರೋಪಿಯನ್ ಆಯೋಗ ದೇಶಗಳನ್ನು ವಿಂಗಡಿಸಿದಾಗ ಭಾರತಕ್ಕೆ ಕಡಿಮೆ ಅಪಾಯದ ದರ್ಜೆ ಸಿಕ್ಕಿತು. ಇದರಿಂದ ಆಗುವ ಲಾಭ ನಿಜವಾದದ್ದೇ. ನಮ್ಮಿಂದ ತರಿಸಿಕೊಳ್ಳುವವರು ವಿಸ್ತಾರವಾದ ಅಪಾಯ ವಿಶ್ಲೇಷಣೆ ನಡೆಸಬೇಕಿಲ್ಲ, ಅಲ್ಲಿನ ಅಧಿಕಾರಿಗಳು ವರ್ಷಕ್ಕೆ ತಪಾಸಣೆ ನಡೆಸಬೇಕಾದ ಪ್ರಮಾಣವೂ ಶೇ 1ಕ್ಕೆ ಇಳಿಯುತ್ತದೆ. ಸಾಮಾನ್ಯ ದರ್ಜೆಯಲ್ಲಿ ಅದು ಶೇ 3, ಹೆಚ್ಚಿನ ಅಪಾಯದ ದರ್ಜೆಯಲ್ಲಿ ಶೇ 9. ಆದರೆ ಮಾಹಿತಿ ಸಂಗ್ರಹಿಸುವ ಕರ್ತವ್ಯ ಹಾಗೆಯೇ ಉಳಿದಿದೆ. ಕಾಫಿ ಯಾವ ತೋಟದ್ದು, ಯಾವಾಗ ಬೆಳೆದದ್ದು, ಯಾರಿಂದ ಕೊಂಡದ್ದು ಎಂಬುದು ಗೊತ್ತಿಲ್ಲದ ಮೂಟೆಗೆ ಯಾವ ದರ್ಜೆಯಲ್ಲೂ ಪ್ರವೇಶವಿಲ್ಲ.

ಸಣ್ಣವರಿಗೆ ತಿದ್ದುಪಡಿಯಲ್ಲಿ ರಿಯಾಯಿತಿ ಇದೆಯಲ್ಲ ಎಂಬ ಪ್ರಶ್ನೆಯೂ ಏಳುತ್ತದೆ. ಕಡಿಮೆ ಅಪಾಯದ ದೇಶದಲ್ಲಿ ತಾನೇ ಬೆಳೆದು ತಾನೇ ಯುರೋಪಿನ ಮಾರುಕಟ್ಟೆಗೆ ಇಳಿಸುವ ಸಣ್ಣ ಉತ್ಪಾದಕನು ಒಂದೇ ಬಾರಿ ಸರಳ ಘೋಷಣೆ ಕೊಟ್ಟರೆ ಸಾಕು ಎಂಬುದು ಆ ರಿಯಾಯಿತಿ. ನಮ್ಮ 5 ಎಕರೆಯ ಬೆಳೆಗಾರ ಹಾಗೆ ಮಾರುವುದಿಲ್ಲ. ಅವನು ಕಣದಲ್ಲಿ ಒಣಗಿಸಿದ ಚೆರ್ರಿಯನ್ನು, ಅಂದರೆ ಸಿಪ್ಪೆ ಸಮೇತವಾದ ಕಾಫಿ ಹಣ್ಣನ್ನು, ಊರಿನ ವ್ಯಾಪಾರಿಗೆ ಕೊಡುತ್ತಾನೆ, ಯುರೋಪಿಗೆ ಇಳಿಸುವವನು ಬೇರೆಯೇ. ಹೀಗಾಗಿ ಪತ್ರಿಕೆಯಲ್ಲಿ ಕಾಣುವ 'ಸಣ್ಣವರಿಗೆ ರಿಯಾಯಿತಿ' ಎಂಬ ಸಾಲು ನಮ್ಮ ಸಣ್ಣವರ ಮನೆ ಬಾಗಿಲಿಗೆ ಬರುವುದು ಅನುಮಾನ.

ಬೆರಕೆಯೇ ಪದ್ಧತಿಯಾಗಿರುವ ವ್ಯಾಪಾರ

ನಿಜವಾದ ತೊಡಕು ಇರುವುದು ತೋಟದಲ್ಲಲ್ಲ, ತೋಟದಿಂದ ಬಂದರಿನವರೆಗಿನ ದಾರಿಯಲ್ಲಿ. ಭಾರತದ ಕಾಫಿ ಉತ್ಪಾದನೆ ವರ್ಷಕ್ಕೆ ಮೂರೂವರೆ ಲಕ್ಷ ಟನ್ನಿನ ಆಸುಪಾಸು. ಅದರಲ್ಲಿ ಸುಮಾರು ಶೇ 70 ಕರ್ನಾಟಕದ್ದು. ದೇಶದ ಉತ್ಪಾದನೆಯ ಬಹುಪಾಲು ರಫ್ತಾಗುತ್ತದೆ, ಇಟಲಿ, ಜರ್ಮನಿ, ಬೆಲ್ಜಿಯಂ ಅದರ ಮುಖ್ಯ ಗಿರಾಕಿಗಳು. ಹಿಡುವಳಿಗಳ ಲೆಕ್ಕದಲ್ಲಿ ನೋಡಿದರೆ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ತೋಟಗಳು 10 ಹೆಕ್ಟೇರ್‌ಗಿಂತ ಚಿಕ್ಕವು. ಇಂಥ ಹತ್ತಾರು ತೋಟಗಳ ಮೂಟೆಗಳು ಒಬ್ಬ ವ್ಯಾಪಾರಿಯ ಗೋದಾಮಿನಲ್ಲಿ ಸೇರುತ್ತವೆ. ಅಂಥ ಹಲವು ವ್ಯಾಪಾರಿಗಳ ಲಾರಿಗಳು ಕುಶಾಲನಗರ, ಹಾಸನ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಬರುತ್ತವೆ. ಅಲ್ಲಿ ಸಿಪ್ಪೆ ತೆಗೆದು, ಗಾತ್ರಕ್ಕೆ ತಕ್ಕಂತೆ ವಿಂಗಡಿಸಿದ ಮೇಲೆ ಒಂದು ಮೂಟೆಯ ಬೀಜ ಎಷ್ಟು ಊರಿನದು ಎಂದು ಹೇಳಲು ಯಾರಿಂದಲೂ ಆಗದು.

ಯುರೋಪಿನ ನಿಯಮ ಒಪ್ಪದೇ ಇರುವುದು ಸರಿಯಾಗಿ ಇದನ್ನೇ. ಮೂಲ ಗೊತ್ತಿರುವ ಕಾಫಿಯನ್ನೂ ಗೊತ್ತಿಲ್ಲದ್ದನ್ನೂ ಬೆರೆಸಿ, ಗೊತ್ತಿರುವಷ್ಟು ಪ್ರಮಾಣವನ್ನು ಮಾತ್ರ 'ಶುದ್ಧ' ಎಂದು ಲೆಕ್ಕಪುಸ್ತಕದಲ್ಲಿ ತೋರಿಸುವ ಪದ್ಧತಿಗೆ ಅದರಲ್ಲಿ ಅವಕಾಶವಿಲ್ಲ. ಒಂದು ಲಾಟ್‌ನಲ್ಲಿ ಹೆಸರಿಸಿದ ನೂರು ತೋಟಗಳ ಪೈಕಿ ಒಂದೇ ಒಂದು ನಿಯಮ ಮೀರಿದ್ದರೂ, ಅದರ ಕಾಫಿಯನ್ನು ಬೇರ್ಪಡಿಸಿ ತೆಗೆಯಲು ಬಾರದಿದ್ದರೆ ಇಡೀ ಲಾಟ್ ಹೊರಗುಳಿಯುತ್ತದೆ. ಅಂದರೆ ಒಬ್ಬನ ತಪ್ಪಿನ ನಷ್ಟ ಉಳಿದ ತೊಂಬತ್ತೊಂಬತ್ತು ಮಂದಿಯ ಸರಕಿಗೂ ತಗಲುತ್ತದೆ. ಈ ಭಯದಿಂದಲೇ ರಫ್ತುದಾರ ಮುಂದೆ ದಾಖಲೆ ಇಲ್ಲದ ಮೂಟೆಯನ್ನು ಬೇರೆ ಕಡೆಗೆ ತಳ್ಳುತ್ತಾನೆ, ಇಲ್ಲವೇ ಬೆಲೆ ಇಳಿಸಿ ಕೇಳುತ್ತಾನೆ.

ಇಲ್ಲಿ ಚರಿತ್ರೆಯ ಒಂದು ವ್ಯಂಗ್ಯವಿದೆ. ಎರಡನೆಯ ಮಹಾಯುದ್ಧದ ಕಾಲದಿಂದ 1990ರ ದಶಕದವರೆಗೆ ನಮ್ಮ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು. ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವುದೇ ಆಗ ಕಾನೂನು. ಹಂತ ಹಂತವಾಗಿ ಸಡಿಲವಾದ ಆ ವ್ಯವಸ್ಥೆ 1996ರಲ್ಲಿ ಪೂರ್ತಿ ತೆರವಾಗಿ, ಬೆಳೆಗಾರನಿಗೆ ತನ್ನ ಕಾಫಿಯನ್ನು ತಾನೇ ಮಾರುವ ಸ್ವಾತಂತ್ರ್ಯ ಬಂತು. ಮಾರುವ ಹಕ್ಕು ಬಿಡಿಬಿಡಿಯಾಯಿತು, ಸರಕು ಮಾತ್ರ ಬೆರೆಯುತ್ತಲೇ ಉಳಿಯಿತು. ಪೂಲ್ ಹೋಗಿ ಮೂವತ್ತು ವರ್ಷಗಳಾಗುವ ಹೊತ್ತಿಗೆ ಪ್ರತಿ ತೋಟದ ಕಾಫಿಗೂ ಪ್ರತ್ಯೇಕ ಗುರುತು ಬೇಕೆಂಬ ಒತ್ತಾಯ ಹೊರಗಿನಿಂದ ಬಂದಿದೆ.

ನೆರಳನ್ನು ಕಾಡೆಂದು ಓದುವ ಉಪಗ್ರಹ

ಬ್ರೆಜಿಲ್‌ನ ವಿಶಾಲ ಬಯಲು ತೋಟಗಳಿಗೆ ಇಲ್ಲದ ಒಂದು ಸಮಸ್ಯೆ ನಮಗಿದೆ. ನಿಯಮವು ಬಳಸುವ ವ್ಯಾಖ್ಯೆಯ ಪ್ರಕಾರ ಅರ್ಧ ಹೆಕ್ಟೇರ್‌ಗಿಂತ ಹೆಚ್ಚು ವಿಸ್ತಾರ, 5 ಮೀಟರ್‌ಗಿಂತ ಎತ್ತರದ ಮರಗಳು, ಶೇ 10ಕ್ಕಿಂತ ಹೆಚ್ಚು ಜಾಗಕ್ಕೆ ಮರಗಳ ಎಲೆಹೊದಿಕೆ ಇದ್ದರೆ ಅದು ಕಾಡು. ಹಲಸು, ನಂದಿ, ಅತ್ತಿ, ಬೀಟೆಗಳ ಕೆಳಗೆ ಕಾಫಿ ಬೆಳೆಯುವ ಮಲೆನಾಡಿನ ತೋಟವೊಂದನ್ನು ಆಕಾಶದಿಂದ ನೋಡಿದರೆ ಈ ಅಳತೆಗಳನ್ನೆಲ್ಲ ಅದು ಮೀರುತ್ತದೆ. ಮರಗಳ ನಡುವೆ ಬೇಸಾಯ ನಡೆಯುವ ಭೂಮಿಯನ್ನು ಕೃಷಿ ಬಳಕೆ ಎಂದೇ ಪರಿಗಣಿಸಬೇಕೆಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಉಪಗ್ರಹ ಚಿತ್ರವನ್ನು ಓದುವ ಯಂತ್ರಕ್ಕೆ ಕೆಳಗಿನ ಕಾಫಿ ಗಿಡ ಕಾಣುವುದಿಲ್ಲ, ಮೇಲಿನ ಎಲೆ ಮಾತ್ರ ಕಾಣುತ್ತದೆ.

ಹೀಗಾಗಿ 2020ರ ನಕ್ಷೆಯಲ್ಲಿ ತೋಟವೊಂದು ಕಾಡೆಂದು ದಾಖಲಾಗಿ, ಆಮೇಲೆ ವಾಡಿಕೆಯ ಮರಗಸಿಯಿಂದ (ನೆರಳು ಮರದ ಕೊಂಬೆ ಸವರುವುದರಿಂದ) ನೆರಳು ತೆಳುವಾದರೆ, ಹೋಲಿಕೆ ಮಾಡುವ ಯಂತ್ರ ಅದನ್ನು ಅರಣ್ಯನಾಶವೆಂದು ಗುರುತಿಸಬಹುದು. ಯುರೋಪಿಯನ್ ಆಯೋಗದ ಸಂಶೋಧನಾ ಕೇಂದ್ರ ಸಿದ್ಧಪಡಿಸಿದ ಅರಣ್ಯ ನಕ್ಷೆಗೆ ಕಾನೂನಿನ ಬಲವಿಲ್ಲ, ಅದು ಕೇವಲ ನೆರವಿನ ಸಾಧನ ಎಂಬುದು ನಿಜ. ಆದರೂ ಸಾವಿರಾರು ಮೈಲಿ ದೂರದ ಖರೀದಿದಾರನ ಪರದೆಯಲ್ಲಿ ಕೆಂಪು ಚುಕ್ಕೆ ಮೂಡಿದಾಗ ಅದು ತಪ್ಪೆಂದು ತೋರಿಸುವ ಹೊಣೆ ಬೀಳುವುದು ಇಲ್ಲಿನವರ ಮೇಲೆಯೇ. 2020ಕ್ಕೂ ಹಿಂದಿನ ಕಾಫಿ ಮಾರಾಟದ ಬಿಲ್ಲು, ಕಾಫಿ ಎಂದು ನಮೂದಾದ ಪಹಣಿ, ದಿನಾಂಕವಿರುವ ತೋಟದ ಚಿತ್ರ ಇದ್ದವರು ಬಚಾವಾಗುತ್ತಾರೆ. ಪರಿಸರವನ್ನು ಚೆನ್ನಾಗಿ ಕಾಪಾಡಿಕೊಂಡವನಿಗೇ ಹೆಚ್ಚು ಸಾಕ್ಷಿ ಬೇಕಾಗುವ ಈ ಸ್ಥಿತಿ ನ್ಯಾಯವಲ್ಲ, ಆದರೆ ಸದ್ಯಕ್ಕೆ ವಾಸ್ತವ ಇದೇ.

ಪಹಣಿಯ ಗಂಟು

ಎರಡನೆಯ ಷರತ್ತಾದ 'ದೇಶದ ಕಾನೂನು ಪಾಲನೆ' ಓದಲು ಸರಳ, ಕರ್ನಾಟಕದಲ್ಲಿ ಅದರಷ್ಟು ಜಟಿಲವಾದದ್ದು ಬೇರೆ ಇಲ್ಲ. ಭೂಮಿಯ ಹಕ್ಕು ಈ ಷರತ್ತಿನ ಒಳಗೆ ಬರುತ್ತದೆ. ಕೊಡಗಿನ ಜಮ್ಮಾ ಬಾಣೆ ಎಂಬ ವಂಶಪಾರಂಪರ್ಯ ಭೂಮಿಗಳಲ್ಲಿ ಕುಟುಂಬದ ಹಲವರು ಬೇರೆ ಬೇರೆಯಾಗಿ ಬೇಸಾಯ ಮಾಡುತ್ತಿದ್ದರೂ ದಾಖಲೆ ಕುಟುಂಬದ ಮುಖ್ಯಸ್ಥನಾದ ಪಟ್ಟೆದಾರನ ಹೆಸರಿನಲ್ಲೇ ಉಳಿದಿರುವ ಉದಾಹರಣೆಗಳು ಧಾರಾಳ. ಚಿಕ್ಕಮಗಳೂರು, ಹಾಸನದ ಕಡೆ ಪೋಡಿಯಾಗದ (ಪಾಲು ಅಳೆದು ಬೇರ್ಪಡಿಸದ) ಸರ್ವೆ ನಂಬರುಗಳು, ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಕೋರಿದ ಬಗರ್ ಹುಕುಂ ಅರ್ಜಿಗಳು, ಬೇಸಾಯಕ್ಕೆ ಯೋಗ್ಯವಲ್ಲವೆಂದು ವಿಂಗಡಿಸಿದ ಸಿ ಮತ್ತು ಡಿ ವರ್ಗದ ಸರ್ಕಾರಿ ಭೂಮಿಯ ವಿವಾದ, ಅಧಿಕೃತವಾಗಿ ಘೋಷಿಸದಿದ್ದರೂ ಅರಣ್ಯವೆಂದು ಪರಿಗಣಿಸಿದ ಡೀಮ್ಡ್ ಅರಣ್ಯದ ಗಡಿ ಇವೆಲ್ಲ ಒಂದರೊಳಗೊಂದು ಸಿಕ್ಕಿಕೊಂಡಿವೆ. ಸರ್ಕಾರಿ ಜಾಗದಲ್ಲಿ ಮಾಡಿಕೊಂಡ ತೋಟಗಳನ್ನು 25 ಎಕರೆವರೆಗೆ 30 ವರ್ಷದ ಗುತ್ತಿಗೆಗೆ ಕೊಡಲು ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದದ್ದೇ ಈ ಸಮಸ್ಯೆ ಎಷ್ಟು ವ್ಯಾಪಕವಾಗಿದೆ ಎಂಬುದನ್ನು ಹೇಳುತ್ತದೆ.

ಕಾಫಿ ಮಂಡಳಿ ಮೊಬೈಲ್ ಆ್ಯಪ್ ಮೂಲಕ ಬೆಳೆಗಾರರ ನೋಂದಣಿ ಆರಂಭಿಸಿದಾಗ ಹಲವರು ಹಿಂದೇಟು ಹಾಕಿದ್ದರ ಮೂಲವೂ ಇಲ್ಲೇ ಇದೆ. ಸ್ವಂತ 6 ಎಕರೆಯ ಪಕ್ಕದಲ್ಲಿ ಎರಡು ಎಕರೆ ಒತ್ತುವರಿ ಇರುವವನಿಗೆ ಗಡಿರೇಖೆ ಎಳೆದುಕೊಡುವುದು ಎಂದರೆ ತನ್ನ ವಿರುದ್ಧ ತಾನೇ ಸಾಕ್ಷಿ ಬರೆದುಕೊಟ್ಟಂತೆ ತೋರುತ್ತದೆ. ಇದನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ಆದರೆ ಮಾಹಿತಿ ಯಾರ ಬಳಿ ಇರುತ್ತದೆ, ಅರಣ್ಯ ಇಲಾಖೆಗೋ ಕಂದಾಯ ಇಲಾಖೆಗೋ ಹೋಗುತ್ತದೆಯೇ, ವ್ಯಾಪಾರಿ ಅದನ್ನು ತನ್ನ ಸ್ವತ್ತಾಗಿಸಿಕೊಂಡು ಬೆಳೆಗಾರನನ್ನು ಕಟ್ಟಿಹಾಕಬಹುದೇ ಎಂಬ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಸಿಗದ ಹೊರತು ಆ ಭಯ ಹೋಗದು.

ಯಾರ ವಾದ ಏನು

ಭಾರತ ಸರ್ಕಾರದ ದೃಷ್ಟಿಯಲ್ಲಿ ಇದು ಹಸಿರು ಬಣ್ಣ ಬಳಿದ ವ್ಯಾಪಾರ ತಡೆ. ವಾಣಿಜ್ಯ ಸಚಿವ ಪಿಯೂಷ್ ಗೋಯಲ್ ಅವರು ಇದನ್ನು ಸಾರ್ವಜನಿಕವಾಗಿ ಟೀಕಿಸಿದ್ದಾರೆ, ವಿಶ್ವ ವ್ಯಾಪಾರ ಸಂಸ್ಥೆಯಲ್ಲೂ ಭಾರತ ಆಕ್ಷೇಪ ಎತ್ತಿದೆ. ಬ್ರೆಜಿಲ್, ಇಂಡೋನೇಷ್ಯಾಗಳ ವಿರೋಧ ಇನ್ನೂ ಗಟ್ಟಿಯಾದದ್ದು. 2025ರ ಆಗಸ್ಟ್‌ನ ಅಮೆರಿಕ–ಯುರೋಪ್ ಜಂಟಿ ಹೇಳಿಕೆಯಲ್ಲಿ ತನ್ನ ಉತ್ಪಾದಕರ ಅಹವಾಲಿಗೆ ಜಾಗ ಮಾಡಿಸಿಕೊಂಡ ಅಮೆರಿಕವನ್ನು ನೋಡಿದರೆ, ಬಲವಿದ್ದವರಿಗೆ ನಿಯಮವೂ ಬಾಗುತ್ತದೆ ಎಂಬ ದೂರಿನಲ್ಲಿ ಹುರುಳಿದೆ ಎನ್ನಿಸುತ್ತದೆ. ಕಾಡು ಉಳಿಸಿದ ಖರ್ಚನ್ನು ಕೊಳ್ಳುವವನು ಕೊಡದೆ, ಬೆಳೆದವನ ತಲೆಗೆ ಕಟ್ಟುವುದು ಸರಿಯೇ ಎಂಬ ಪ್ರಶ್ನೆಗೂ ಯುರೋಪ್ ಸಮರ್ಪಕ ಉತ್ತರ ಕೊಟ್ಟಿಲ್ಲ.

ಇನ್ನೊಂದು ಬದಿಯಲ್ಲಿ ಪರಿಸರ ಸಂಘಟನೆಗಳ ಜೊತೆಗೆ ಕೆಲವು ದೊಡ್ಡ ಕಂಪನಿಗಳೂ ನಿಂತಿರುವುದು ಮೇಲ್ನೋಟಕ್ಕೆ ಅಚ್ಚರಿ. ನೆಸ್ಲೆ, ಫೆರೆರೊದಂಥ ಕಂಪನಿಗಳು ಮುಂದೂಡಿಕೆ ಬೇಡವೆಂದವು. ಅವು ಏಕಾಏಕಿ ಋಷಿಗಳಾಗಿಲ್ಲ. ತೋಟ ಗುರುತಿಸುವ ವ್ಯವಸ್ಥೆಗೆ ಈಗಾಗಲೇ ಹಣ ಸುರಿದವರಿಗೆ, ಏನೂ ಮಾಡದ ಪ್ರತಿಸ್ಪರ್ಧಿ ಇನ್ನೊಂದು ವರ್ಷ ಅಗ್ಗದ ಸರಕು ಮಾರುವುದು ನಷ್ಟ. ಆ ಹಣ ಹಾಕಿದವರು, ನಿಯಮ ನಾಳೆ ಸಡಿಲವಾದರೂ, ಮೂಲ ಗೊತ್ತಿಲ್ಲದ ಸರಕಿಗೆ ಮರಳುವ ಸಂಭವ ಕಡಿಮೆ.

ಕಾಫಿಯ ಹೊರಗೂ ಇದೇ ದಾರಿ ಕಾಣುತ್ತಿದೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್ ಮೊದಲಾದವುಗಳ ಮೇಲಿನ ಯುರೋಪಿನ ಇಂಗಾಲ ಶುಲ್ಕ 2026ರ ಜನವರಿ 1ರಿಂದ ಲೆಕ್ಕಕ್ಕೆ ಬಂದಿದೆ. ನಮ್ಮ ಷೇರುಪೇಟೆ ನಿಯಂತ್ರಕ ಸೆಬಿಯೂ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳಿಂದ ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿಯನ್ನು ಕಡ್ಡಾಯವಾಗಿ ಪಡೆಯುತ್ತಿದೆ.

ನಿಯಮ ಕೇಳದ ಪ್ರಶ್ನೆಗಳು

ಯುರೋಪಿನ ದಾಖಲೆಯೊಂದೇ ಗುರಿಯಾದರೆ ನಾವು ಇನ್ನೊಂದು ತಪ್ಪು ಮಾಡುತ್ತೇವೆ. ತೋಟದೊಳಗಿನ ಹಲಸು, ನಂದಿಗಳನ್ನು ತೆಗೆದು ಸಿಲ್ವರ್ ಓಕ್ ಹಾಕಿದರೆ ಆ ನಿಯಮಕ್ಕೆ ಏನೂ ಆಕ್ಷೇಪವಿಲ್ಲ, ಏಕೆಂದರೆ ಕೃಷಿ ಭೂಮಿ ಕೃಷಿ ಭೂಮಿಯಾಗಿಯೇ ಉಳಿಯಿತು. ಮಲೆನಾಡಿನಲ್ಲಿ ದಶಕಗಳಿಂದ ನಡೆದಿರುವುದು ಇದೇ, ಮತ್ತು ಇದರ ಹಿಂದೆ ನಮ್ಮದೇ ಕಾನೂನಿನ ಕೈವಾಡವಿದೆ. ಕಾಡುಜಾತಿಯ ಮರ ಕಡಿಯಲು ಅನುಮತಿ ಬೇಕು, ಕೊಡಗಿನ ಕೆಲವು ಬಗೆಯ ಭೂಮಿಯಲ್ಲಿ ಮರದ ಹಕ್ಕೇ ಸರ್ಕಾರದ್ದು. ಸಿಲ್ವರ್ ಓಕ್‌ಗೆ ಆ ಕಟ್ಟುಪಾಡಿಲ್ಲ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಯನ್ನೂ ಹಬ್ಬಿಸಬಹುದು, ಬೇಕೆಂದಾಗ ಮಾರಬಹುದು. ಕಾಪಾಡಿದವನಿಗೆ ತೊಂದರೆ, ಬದಲಾಯಿಸಿದವನಿಗೆ ಆದಾಯ ಎಂಬ ಲೆಕ್ಕವಿರುವಾಗ ಬೆಳೆಗಾರ ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂಬುದಕ್ಕೆ ಸಮೀಕ್ಷೆ ಬೇಕಿಲ್ಲ.

ಆದರೆ ತೋಟದ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಅರೇಬಿಕಾ ತಳಿಯ ಕಾಫಿಯ ದೊಡ್ಡ ಶತ್ರು ಬಿಳಿ ಕಾಂಡಕೊರಕ ಎಂಬ ಕೀಟ. ಬಿಸಿಲು ಬೀಳುವ ಕಾಂಡದ ತೊಗಟೆಯಲ್ಲಿ ಅದರ ದುಂಬಿ ಮೊಟ್ಟೆ ಇಡುವುದು ಹೆಚ್ಚು, ಆದ್ದರಿಂದ ನೆರಳು ಕಡಿಮೆಯಾದಷ್ಟೂ ಹಾವಳಿ ಜಾಸ್ತಿ, ಗಿಡ ಕಿತ್ತು ಸುಡುವ ಖರ್ಚೂ ಜಾಸ್ತಿ. ಹೂಮಳೆ ತಡವಾಗುವ, ಬಂದರೂ ಹದ ತಪ್ಪುವ ವರ್ಷಗಳಲ್ಲಿ ನೆಲದ ತೇವ ಹಿಡಿದಿಡುವುದು ನಾನಾ ಜಾತಿಯ ಮರಗಳ ದರಗು, ಅಂದರೆ ಉದುರಿದ ಒಣ ಎಲೆ. 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ತಳಿಯ ಕಾಫಿ ಟನ್ನಿಗೆ 5,000 ಡಾಲರ್ ದಾಟಿದಾಗ ನೆರಳು ತೆರವು ಮಾಡಿ ಹೆಚ್ಚು ಇಳುವರಿ ತೆಗೆಯುವ ಆಸೆ ಸಹಜವಾಗಿತ್ತು. ಬೆಲೆ ಇಳಿಯಲು ಒಂದು ವರ್ಷ ಸಾಕು, ಕಡಿದ ಹಲಸಿನ ಮರದ ನೆರಳು ಮರಳಲು ಒಂದು ತಲೆಮಾರು ಬೇಕು.

ಪಲ್ಪಿಂಗ್, ಅಂದರೆ ಹಸಿ ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸದಿಂದ ಬರುವ ನೀರಿನ ಕಥೆಯೂ ಹೀಗೆಯೇ. ಹಾಗೆ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಮಾಡುವ ಕಾಲಕ್ಕೆ, ಅಂದರೆ ಮಳೆಗಾಲ ಕಳೆದು ಹಳ್ಳಗಳ ಹರಿವು ಇಳಿಯುವ ಹೊತ್ತಿಗೇ, ಹುಳಿಬಂದ ಸಿಹಿ ಲೋಳೆಯ ನೀರು ಅವುಗಳನ್ನು ಸೇರುತ್ತದೆ. ಹರಿವು ಕಡಿಮೆ ಇರುವುದರಿಂದ ಅದು ತೆಳುವಾಗದೆ ನೀರಿನ ಆಮ್ಲಜನಕವನ್ನು ಹೀರುತ್ತದೆ. ಕಾವೇರಿ, ಹೇಮಾವತಿ, ಭದ್ರೆಯರ ಮೇಲ್ದಂಡೆಯಲ್ಲಿ ಇದು ಸಣ್ಣ ಮಾತಲ್ಲ. ದೇಶದ ಪರಿಸರ ಕಾನೂನು ಮತ್ತು ಕಾರ್ಮಿಕ ಕಾನೂನುಗಳ ಪಾಲನೆ ಯುರೋಪಿನ ಎರಡನೆಯ ಷರತ್ತಿನಲ್ಲಿ ಸೇರಿರುವುದರಿಂದ, ಕಡಿಮೆ ನೀರು ಕೇಳುವ ಪಲ್ಪರ್ ಯಂತ್ರ ಕೊಂಡವನಿಗೆ ನೀರೂ ಉಳಿಯುತ್ತದೆ, ಮುಂದೆ ಏಳಬಹುದಾದ ಪ್ರಶ್ನೆಗೆ ಉತ್ತರವೂ ಸಿಗುತ್ತದೆ.

ಕ್ಯಾಲೆಂಡರ್ ಹೇಳುವುದು

ಮುಂದಿನ ದಿನಗಳಲ್ಲಿ ಕಾಫಿಗೆ ಎರಡು ಬೆಲೆಗಳು ಹುಟ್ಟುವ ಸಾಧ್ಯತೆ ಹೆಚ್ಚು. ದಾಖಲೆ ಇರುವ ಕಾಫಿ ಯುರೋಪಿಗೆ, ಇಲ್ಲದ್ದು ರಷ್ಯಾ, ಕೊಲ್ಲಿ ದೇಶಗಳು ಹಾಗೂ ಒಳನಾಡಿನ ಮಾರುಕಟ್ಟೆಗೆ. ದೊಡ್ಡ ಎಸ್ಟೇಟ್‌ಗಳಿಗೆ ಇದು ತಲೆನೋವಲ್ಲ, ಅವುಗಳ ಗಡಿನಕ್ಷೆ, ಪ್ರಮಾಣಪತ್ರ, ಸ್ವಂತ ಪಲ್ಪರ್ ಎಲ್ಲವೂ ಸಿದ್ಧ. ಸಣ್ಣವರಿಗೆ ಉಳಿಯುವ ದಾರಿ ಒಟ್ಟುಗೂಡುವುದು. ಬೆಳೆಗಾರರ ಸಂಘವೋ ಉತ್ಪಾದಕ ಕಂಪನಿಯೋ ಇಪ್ಪತ್ತೈದು ತೋಟಗಳ ಬಿಂದುಗಳನ್ನು ಗುರುತಿಸಿ, ಆ ಮೂಟೆಗಳನ್ನು ಬೇರೆಯಾಗಿ ಇಟ್ಟು, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಪ್ರತ್ಯೇಕ ಲಾಟ್ ಮಾಡಿಸಿದರೆ ತಲಾ ಖರ್ಚು ಕಡಿಮೆ, ಚೌಕಾಸಿಯ ಬಲ ಹೆಚ್ಚು. ಮಾಹಿತಿಯೂ ವ್ಯಾಪಾರಿಯ ಬಳಿಯಲ್ಲ, ಅವರದೇ ಸಂಘದಲ್ಲಿ ಇರುತ್ತದೆ.

ಇದಕ್ಕೆ 2026ರ ಡಿಸೆಂಬರ್ 30ರವರೆಗೆ ಸಮಯವಿದೆ ಎಂದುಕೊಳ್ಳುವುದು ಲೆಕ್ಕದ ತಪ್ಪು. ನಿಯಮ ನೋಡುವುದು ಕಾಫಿ ಕೊಯ್ದ ದಿನವನ್ನಲ್ಲ, ಯುರೋಪಿನ ಮಾರುಕಟ್ಟೆಗೆ ಇಳಿದ ದಿನವನ್ನು. ಮಂಗಳೂರಿನಿಂದಲೋ ಕೊಚ್ಚಿಯಿಂದಲೋ ಹೊರಟ ಹಡಗು ಕೆಂಪು ಸಮುದ್ರ ಬಿಟ್ಟು ಆಫ್ರಿಕಾ ಸುತ್ತಿಕೊಂಡು ಜಿನೋವಾಕ್ಕೋ ಟ್ರಿಯೆಸ್ಟ್‌ಗೋ ಹೋಗಬೇಕಾದರೆ ವಾರಗಳ ಮೇಲೆ ವಾರ ಹಿಡಿಯುತ್ತದೆ. 2026ರ ಜನವರಿಯಲ್ಲಿ ಕೊಯ್ದು, ಒಳ್ಳೆಯ ಬೆಲೆಗೆ ಕಾಯುತ್ತ ಗೋದಾಮಿನಲ್ಲಿ ಇಟ್ಟಿರುವ ಚೆರ್ರಿ ಆ ದಿನ ದಾಟಿದ ಮೇಲೆ ಅಲ್ಲಿ ಇಳಿದರೆ ಅದಕ್ಕೂ ತೋಟದ ಗುರುತು ಬೇಕು. ಆ ಮೂಟೆ ಈಗಾಗಲೇ ನಾಲ್ಕಾರು ತೋಟಗಳ ಕಾಫಿಯೊಡನೆ ಬೆರೆತಿದ್ದರೆ, ಗುರುತು ಹಾಕುವ ಸಮಯ ಕಣದಲ್ಲೇ ಕಳೆದುಹೋಗಿದೆ.